ನಾಯಿ ಜೊತಿಗಿದ್ರ ಸಾಲಿ

ಹೆಣ್ಣುಮಕ್ಕಳ ಓದಿನ ಬಗ್ಗೆ ಯಾರಾದರೂ ಮೈಕಿನ ಮುಂದೆ ನಿಂತು ಮಾತಾಡಿದರೆ ನನಗೆ ನಗು ಬರುತ್ತದೆ. ಆಗಿನ ಕಾಲದಲ್ಲಿ ಮನೆಯವರು ಹೆಣ್ಣುಮಕ್ಕಳನ್ನು ಓದಿಸಲು ಒಪ್ಪುತ್ತಲೇ ಇರಲಿಲ್ಲ ಅನ್ನುತ್ತಾರೆ. ಸುಳ್ಳು. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಒಂದೇ ಒಂದು ಕರಾರು ಇತ್ತು: ನಾನು ಹೈಸ್ಕೂಲಿಗೆ ಹೋಗಬೇಕಾದರೆ ಜೊತೆಗೆ ನಾಯಿ ಇರಬೇಕು. ನಗಬೇಡಿ. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ವಿದ್ಯೆ ಒಂದು ನಾಯಿಯ ಬಾಲ ಹಿಡಿದುಕೊಂಡು ನಡೆಯಿತು.

ನಮ್ಮೂರು ಬಸವನ ಬಾಗೇವಾಡಿ ತಾಲೂಕಿನ ಒಂದು ಸಣ್ಣ ಹಳ್ಳಿ. ಏಳನೆಯ ತರಗತಿಯವರೆಗೆ ಊರಲ್ಲೇ ಶಾಲೆ. ಹೈಸ್ಕೂಲಿಗೆ ಬಾಗೇವಾಡಿಗೇ ಹೋಗಬೇಕು. ಗಾಡಿದಾರಿ ಊರೂರು ಸುತ್ತಿ ಹೋಗುತ್ತಿತ್ತು, ಮಳೆ ಬಿದ್ದರೆ ಅಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬರುತ್ತಿರಲಿಲ್ಲ. ಬಸ್ಸು ನಮ್ಮೂರಿನ ಒಳಗೆ ಬರುತ್ತಿರಲಿಲ್ಲ, ದೂರದ ಕೂಡುದಾರಿಗೆ ಬರುತ್ತಿತ್ತು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹತ್ತಿರದ ದಾರಿಯೆಂದರೆ ಹಳ್ಳದ ದಂಡೆಯ ಕಾಲುದಾರಿ.

ಬಿಜಾಪುರ ಜಿಲ್ಲೆ ಎಂದರೆ ಗಿಡಮರ ಇಲ್ಲದ ಬೋಳುಭೂಮಿ ಎಂದು ತಿಳಿದವರು ಬಹಳ. ಅವರು ಬಸ್ಸಿನ ಕಿಟಕಿಯಿಂದ ನೋಡಿ ಹೋದವರು. ಹಳ್ಳಕ್ಕೆ ಇಳಿದರೆ ಬೇರೆಯದೇ ಸೀಮೆ. ಎರಡೂ ದಂಡೆಗೆ ಜಾಲಿ, ಬೇವು, ಹೊಂಗೆ, ನಡುನಡುವೆ ಹಳೆಯ ಹುಣಸೆಮರಗಳು. ನೀರಿನ ಹತ್ತಿರ ಲಕ್ಕಿಗಿಡ, ಆಪಿನ ಹುಲ್ಲು, ಈಚಲ ಪೊದೆ. ಬಾರಿಹಣ್ಣಿನ ಕಾಲದಲ್ಲಿ ದಾರಿಯ ತುಂಬ ಹಣ್ಣು ಉದುರಿರುತ್ತಿತ್ತು. ಮೇಲೆ ಹೊಲದಲ್ಲಿ ನೆತ್ತಿ ಸುಡುವ ಬಿಸಿಲಿದ್ದರೂ ಆ ದಾರಿಯಲ್ಲಿ ನೆರಳು ತಪ್ಪುತ್ತಿರಲಿಲ್ಲ. ಹಳ್ಳದ ನೀರು ಸವುಳು, ಬಾಯಿಗೆ ಹಾಕುವಂತಿರಲಿಲ್ಲ, ಆದರೆ ಕಾಲು ಬಿಟ್ಟು ಕೂತರೆ ಏಳುವ ಮನಸ್ಸಾಗುತ್ತಿರಲಿಲ್ಲ.

ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಹಿರಿಯಳೆಂದರೆ ಆಯಿ, ಅಪ್ಪನ ತಾಯಿ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಹೊಲಮನೆ ನೋಡಿಕೊಳ್ಳುತ್ತಿದ್ದ. ಅವನಿಗೆ ಒಬ್ಬ ಮಗ, ನನಗಿಂತ ಮೂರು ತರಗತಿ ಹಿಂದೆ ಇದ್ದ. ಮತ್ತೆ ಅವ್ವ, ನಾನು. ದೊಡ್ಡಪ್ಪನನ್ನು ಎದುರಿಗೂ ಹಿಂದೆಯೂ ಎಲ್ಲರೂ ಬಹುವಚನದಲ್ಲೇ ಕರೆಯುತ್ತಿದ್ದೆವು. ಈಗ ಬರೆಯುವಾಗ ಬಹುವಚನ ಹಚ್ಚಲು ನನ್ನ ಕೈ ಏಳುವುದಿಲ್ಲ.

ಊರಿನ ನಾಲ್ಕಾರು ಹುಡುಗರು ಹೈಸ್ಕೂಲಿಗೆ ಹೋಗುತ್ತಿದ್ದರು. ಹೆಣ್ಣುಮಗಳು ನಾನೊಬ್ಬಳೇ. ಹುಡುಗರ ಜೊತೆ ಹೋದರೆ ಊರು ಆಡಿಕೊಳ್ಳುತ್ತದೆ, ಒಬ್ಬಳೇ ಹೋದರೆ ಇನ್ನೂ ಹೆಚ್ಚು ಆಡಿಕೊಳ್ಳುತ್ತದೆ. ದೊಡ್ಡಪ್ಪ ಇದನ್ನೇ ಮುಂದಿಟ್ಟು, "ನಾನೇನು ಬ್ಯಾಡ ಅನ್ನೂದಿಲ್ಲವಾ. ಜೊತಿ ಯಾರು ಹೋಗ್ತಾರ ಹೇಳು," ಎಂದು ಕೈ ಚೆಲ್ಲಿ ಕೂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಮನುಷ್ಯ. ಆಗ ಅಂಗಳದಲ್ಲಿ ಮಲಗಿದ್ದ ನಾಯಿಯ ಕಡೆ ಆಯಿ ಕೈ ತೋರಿಸಿದಳು.

"ಅದು ಹೋಗ್ತೈತಿ. ಅದು ಇರೂ ತನಕ ಅಕಿ ಹತ್ರ ಯಾವ ಮಗ ಬರ್ತಾನ ನೋಡೂನು," ಎಂದಳು. ನಂತರ ನನ್ನ ಕಡೆ ತಿರುಗಿ, "ನಾಯಿ ಜೊತಿಗಿದ್ರ ಸಾಲಿ. ಒಂದ ದಿನ ನಾಯಿ ಇಲ್ಲದ ಹಳ್ಳದ ಹಾದಿ ತುಳಿದಿ ಅಂತ ಕಿವಿಗೆ ಬಿತ್ತಂದ್ರ ಅವತ್ತಿಗೆ ಸಾಲಿ ಮುಗೀತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ತಿಳೀತಿಲ್ಲೋ?" ಎಂದಳು.

ನಾನು ಕುಣಿದಾಡಿಬಿಟ್ಟೆ. ಆಯಿಯ ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿದೆ. ಹೈಸ್ಕೂಲು ಸಿಕ್ಕಿತಲ್ಲ, ಕರಾರು ಯಾರಿಗೆ ಬೇಕಿತ್ತು?

ಆ ನಾಯಿ ನನ್ನದು. ಮನೆಯದಲ್ಲ, ನನ್ನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೋಳದ ರಾಶಿ ಮುಗಿದು ಹೊಲ ಖಾಲಿ ಬಿದ್ದಾಗ ನಮ್ಮ ಕಡೆ ಕುರುಬರು ಹಿಂಡು ಹೊಡೆದುಕೊಂಡು ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಹಿಕ್ಕೆ ಬಿದ್ದು ಭೂಮಿಗೆ ಗೊಬ್ಬರವಾಗುತ್ತದೆ, ಅದಕ್ಕೆ ಹೊಲದವರು ಜೋಳ ಕೊಡುತ್ತಾರೆ. ನಾನು ಆರನೆಯ ತರಗತಿಯಲ್ಲಿದ್ದಾಗ ಹಾಗೆ ನಮ್ಮ ಹೊಲಕ್ಕೆ ಬಂದ ಕುರುಬನ ಹೆಂಡತಿಗೆ ಅಲ್ಲೇ ಹೆರಿಗೆಯಾಯಿತು. ಆಯಿ ಅವಳನ್ನೂ ಕೂಸನ್ನೂ ಮನೆಗೆ ಕರೆತಂದು, ಬಿಸಿನೀರು ಹಾಕಿ, ಅಳವಿ ಪಾಯಸ ಕುಡಿಸಿ ಬಾಣಂತನ ಮಾಡಿದಳು. ಹೊರಡುವ ದಿನ ಆ ಹೆಂಗಸು ಏನಾದರೂ ಕೊಟ್ಟೇ ಹೋಗುತ್ತೇನೆ ಎಂದು ಹಟ ಹಿಡಿದಳು. ಕುರಿಮರಿ ಕೊಡಲು ಬಂದರೆ ಆಯಿ ಬೇಡವೆಂದಳು. ಕೊನೆಗೆ ಅವಳು ತಮ್ಮ ಹಿಂಡಿನ ನಾಯಿಯ ಒಂದು ಮರಿಯನ್ನು ಎತ್ತಿ, ನನ್ನ ಲಂಗದ ಮಡಿಲು ಹಿಡಿಯಲು ಹೇಳಿ, ಅದರೊಳಗೆ ಹಾಕಿದಳು.

"ಉಡಿಯಾಗ ಹಾಕೇನಿ. ಇನ್ನ ಇದು ನಿಂದ," ಎಂದಳು.

ಉಡಿ ಅಂದರೆ ನಮ್ಮ ಕಡೆ ಹುಡುಗಾಟವಲ್ಲ. ಹೆಣ್ಣುಮಗಳ ಉಡಿಗೆ ಬಿದ್ದದ್ದು ಅಕ್ಕಿಯಾಗಲಿ, ಕುಪ್ಪಸದ ಖಣವಾಗಲಿ, ಅದು ಅವಳದು. ತಂದೆಯೂ ಗಂಡನೂ ಅದನ್ನು ಎತ್ತಿ ಇನ್ನೊಬ್ಬರಿಗೆ ಕೊಡುವಂತಿಲ್ಲ. ಹಾಗಾಗಿ ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವ ಒಂದೇ ಒಂದು ಆಸ್ತಿ ಆ ನಾಯಿಯಾಗಿತ್ತು. ಕಂದು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ, ಉದ್ದ ಕಾಲು. ಹೆಸರು ಇಟ್ಟಿರಲಿಲ್ಲ. ನಾಯಿಗೆ ಹೆಸರಿಡುವುದು ಪೇಟೆಯವರ ಚಾಳಿ ಎಂದು ಆಯಿ ಹೇಳುತ್ತಿದ್ದಳು.

ಎಂಟನೆಯ ತರಗತಿಗೆ ಹೋಗುವ ಹೊತ್ತಿಗೆ ಅದು ಬೆಳೆದು ನನ್ನ ಸೊಂಟಕ್ಕೆ ಬಂದಿತ್ತು. ಬೆಳಿಗ್ಗೆ ಹುಡುಗರೆಲ್ಲ ಮುಂದೆ ಹೋದ ಮೇಲೆ ನಾವು ಹೊರಡುತ್ತಿದ್ದೆವು. ನನ್ನ ಚೀಲದಲ್ಲಿ ಎರಡು ರೊಟ್ಟಿ ನನಗೆ, ಒಂದು ರೊಟ್ಟಿ ಅದಕ್ಕೆ. ಊರ ಅಗಸಿಬಾಗಿಲು ದಾಟಿ ಹಳ್ಳಕ್ಕೆ ಇಳಿದ ಕೂಡಲೇ ಅದು ಮುಂದೆ ಓಡಿ, ಪೊದೆಗಳನ್ನು ಮೂಸಿ, ಗೌಜಲಕ್ಕಿ ಎಬ್ಬಿಸಿ, ಮತ್ತೆ ಹಿಂದೆ ಬಂದು ನಾನಿದ್ದೇನೋ ಇಲ್ಲವೋ ನೋಡಿ ಹೋಗುತ್ತಿತ್ತು. ಉಡ ಕಂಡರೆ ಅದರ ಬಿಲದ ಮುಂದೆ ಕೂತುಬಿಡುತ್ತಿತ್ತು, ನಾನು ಬೈದು ಎಬ್ಬಿಸಬೇಕು. ನಾನು ದಾರಿಯುದ್ದಕ್ಕೂ ಪಾಠ ಬಾಯಿಪಾಠ ಮಾಡುತ್ತಿದ್ದೆ. ಇತಿಹಾಸದ ಎಷ್ಟು ರಾಜರು ಆ ಲಕ್ಕಿಗಿಡಗಳ ನಡುವೆ ಗೆದ್ದು ಸೋತರೋ ಲೆಕ್ಕವಿಲ್ಲ. ಹೇಳಿಕೊಳ್ಳಲು ನಾಚಿಕೆಯಿಲ್ಲ, ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ನಾನು ಮತ್ತೆ ಎಲ್ಲಿಯೂ ನಡೆದಿಲ್ಲ.

ಶಾಲೆಯ ಅಂಗಳದ ಬೇವಿನ ಮರದಡಿ ಅದು ಸಂಜೆಯ ಗಂಟೆಯವರೆಗೆ ಮಲಗಿರುತ್ತಿತ್ತು. ಹುಡುಗರು, "ನಾಯಿ ಬಂತು ನೋಡ್ರೋ, ಇನ್ನ ಅಕಿ ಬರ್ತಾಳ," ಎಂದು ಕಾಡುತ್ತಿದ್ದರು. ಗಣಿತದ ಮಾಸ್ತರರು ಹಾಜರಿ ಕರೆದು ಮುಗಿಸಿ ಕಿಟಕಿಯ ಹೊರಗೆ ನೋಡಿ, "ಅದಕ್ಕೂ ಒಂದು ನಂಬರು ಕೊಡೋಣೇನು? ನಿಮ್ಮೆಲ್ಲರಿಗಿಂತ ವ್ಯಾಳ್ಯಾಕ್ಕ ಬರ್ತೈತಿ," ಎಂದು ನಗಿಸುತ್ತಿದ್ದರು. ಅದಕ್ಕೆ ಮೈ ನೆಟ್ಟಗಿಲ್ಲದ ದಿನ ನನಗೆ ರಜೆ. ಮರುದಿನ ಅರ್ಜಿಯಲ್ಲಿ ನನಗೇ ಜ್ವರ ಬಂದಿತ್ತು ಎಂದು ಬರೆಯುತ್ತಿದ್ದೆ. ನಾಯಿಗೆ ಜ್ವರ ಎಂದು ಬರೆದರೆ ಯಾರು ನಂಬುತ್ತಾರೆ?

ಹೀಗೆ ಎಂಟು, ಒಂಬತ್ತು ಮುಗಿದು ಹತ್ತನೆಯದಕ್ಕೆ ಬಂದೆ. ನಮ್ಮ ಮನೆತನದಲ್ಲಿ ಗಂಡಸರೂ ಎಸ್‌ಎಸ್‌ಎಲ್‌ಸಿ ಮುಟ್ಟಿದವರಿರಲಿಲ್ಲ. ಗಣಿತದ ಮಾಸ್ತರರು ನಾನು ಪಾಸಾದರೆ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಿಸುತ್ತೇನೆ ಎಂದಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು ಎನ್ನುವುದು ಹೊಳೆದದ್ದು ಆಮೇಲೆ. ದೊಡ್ಡಪ್ಪ ಆಗ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತದೆ, "ಛಲೋ ಆತಲಾ," ಎಂದಷ್ಟೇ ಹೇಳಿದ.

ಪರೀಕ್ಷೆ ಹತ್ತಿರ ಬಂದಿತ್ತು. ಜೋಳದ ರಾಶಿಯೂ ನಡೆದಿತ್ತು. ಆಗ ಸಿಂದಗಿಯಲ್ಲಿದ್ದ ಚಿಗವ್ವನ ಮನೆಯಿಂದ ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಚಿಗವ್ವ ಅಂದರೆ ಅವ್ವನ ತಂಗಿ. ನಾನು ಓದಬೇಕು, ಬರುವುದಿಲ್ಲ ಎಂದೆ. ಎಂದೂ ನಮ್ಮನ್ನು ಎಲ್ಲಿಗೂ ಕಳಿಸದ ದೊಡ್ಡಪ್ಪ ಅಂದು ತಾನೇ ಮುಂದೆ ಬಂದ. "ಹೋಗಿ ಬರ್ರಿ. ತಾಯಿ ಒಬ್ಬಾಕಿನ ಹ್ಯಾಂಗ ಹೋಗ್ತಾಳ? ಎರಡ ದಿನದಾಗ ಓದು ಓಡಿ ಹೋಗೂದಿಲ್ಲ," ಎಂದ. ಗಾಡಿ ಕಟ್ಟಿಸಿ ಕೂಡುದಾರಿಗೆ ಬಿಟ್ಟು ಬಸ್ಸು ಹತ್ತಿಸಿದ. ಬಸ್ಸಿಗೆ ನಾಯಿ ಒಯ್ಯುವುದು ಹೇಗೆ? ಅದು ಅಂಗಳದಲ್ಲಿ ಉಳಿಯಿತು.

ನಾವು ತಿರುಗಿ ಬಂದಾಗ ಅಂಗಳ ಖಾಲಿ. ಹೊಲದ ಕಡೆ ಹೋಗಿರಬಹುದು ಎಂದುಕೊಂಡೆ. ಕೂಗಿದೆ, ಸೀಟಿ ಹೊಡೆದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವನು, ನನ್ನ ಗಂಟಲು ಒಣಗಿದ ಮೇಲೆ ಹೇಳಿದ.

"ಕುರುಬ ಬಂದಿದ್ದ. ಅವರ ನಾಯಿನ್ನ ತೋಳ ಹರದು ಹಾಕೇತಂತ. ಹಿಂಡಿಗೆ ಕಾವಲಿಲ್ಲ ಅಂತ ಭಾಳ ಗೋಳಾಡಿದ. ಕೊಟ್ಟು ಕಳಿಸಿದೆ. ಹಿಂಡಿನ ನಾಯಿ ಹಿಂಡಿಗೆ ಹೋತು, ಅದರಾಗೇನೈತಿ?"

ಬೆಣ್ಣೆಯಿಂದ ಕೂದಲು ತೆಗೆದಷ್ಟು ಹಗುರವಾಗಿ ಹೇಳಿದ. "ಅದು ನನ್ನ ಉಡಿಗೆ ಬಿದ್ದದ್ದರಿ," ಎಂದೆ. "ನಾಯಿಗೆ ಎಂಥಾ ಉಡಿ?" ಎಂದು ನಕ್ಕ. ಆಯಿ ರಾಶಿಯೆಂದು ಎರಡು ದಿನದಿಂದ ಹೊಲದಲ್ಲೇ ಇದ್ದಳು. ಸಂಜೆ ಅವಳಿಗೆ ಹೇಳಿದೆ. ಅವಳ ಮುಖ ಗಂಟಿಕ್ಕಿತು. "ಕೇಳದ ಕೊಡಬಾರದಿತ್ತು. ಮಂದಿ ಕಳಿಸಿ ಹೊಳ್ಳಿ ತರಸು," ಎಂದು ಮಗನಿಗೆ ಹೇಳಿದಳು. ಅವನು, "ತರಸ್ತೇನಿ ಬಿಡು," ಎಂದ. ಆಯಿ ನನಗೆ, "ಬರೂ ತನಕ ಮನ್ಯಾಗ ಓದು," ಎಂದಳು.

ನಾಳೆ ನಾಳೆ ಎಂದು ಒಂದು ವಾರ ಹೋಯಿತು. ರಾಶಿಯ ಕಾಲ, ಆಳು ಸಿಗುತ್ತಿಲ್ಲ ಎಂದ. ಬಂಡಿ ಕಟ್ಟಲು ಎತ್ತು ಬಿಡುವಿಲ್ಲ ಎಂದ. ಹಿಂಡು ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದ. ಊರಿನ ಹುಡುಗರಲ್ಲಿ ಒಬ್ಬ ಬಂದು, ಶಾಲೆಯಲ್ಲಿ ಪರೀಕ್ಷೆಗೆ ಕೂಡಲು ಬೇಕಾದ ನಂಬರು ಚೀಟಿ ಕೊಡುತ್ತಿದ್ದಾರೆ, ನೀನೇ ಬಂದು ಸಹಿ ಮಾಡಿ ಒಯ್ಯಬೇಕಂತೆ ಎಂದು ಹೇಳಿ ಹೋದ. ಆಯಿಯನ್ನು ಕೇಳಿದೆ. "ನಾಯಿ ಬರ್ಲಿ," ಎಂದಳು. ದೊಡ್ಡಪ್ಪನೇ ಕರೆದುಕೊಂಡು ಹೋಗಲಿ ಎಂದೆ. "ರಾಶಿ ಬಿಟ್ಟು ಬರಾಕ ಆಕ್ಕೈತೇನ?" ಎಂದ ಅವನು. ಅವ್ವನ ಕಡೆ ನೋಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಾಯಿ ಅಪ್ಪ ಹೋದ ದಿನವೇ ಮುಚ್ಚಿತ್ತು.

ಆ ಸಂಜೆ ನೀರು ಸೇದಲು ಹೋದಾಗ ಬಾವಿಯ ಹತ್ತಿರ ಹೆಂಗಸರು ಮಾತಾಡುತ್ತಿದ್ದರು. ಕುರಿಹಿಂಡು ದೂರವೇನೂ ಹೋಗಿಲ್ಲ, ಹಳ್ಳ ಇಳಿದು ಮುದ್ದೇಬಿಹಾಳದ ದಿಕ್ಕಿಗೆ ನಡೆದರೆ ಮೂರನೆಯ ಊರಿನ ಸೀಮೆಯಲ್ಲಿ ತರುಬಿದ್ದಾರೆ ಎಂದು ಒಬ್ಬಳು ಹೇಳಿದಳು. ಊರಿಗೆಲ್ಲ ಗೊತ್ತಿದ್ದದ್ದು ದೊಡ್ಡಪ್ಪನಿಗೆ ಮಾತ್ರ ಗೊತ್ತಿರಲಿಲ್ಲ. ಆಗ ನನಗೆ ಸಂಶಯ ಬಂತು. ಸಂಶಯಕ್ಕಿಂತ ಸಿಟ್ಟು ಹೆಚ್ಚು ಬಂತು.

ಮರುದಿನ ಎಲ್ಲರೂ ಕಣಕ್ಕೆ ಹೋದ ಮೇಲೆ ಒಂದು ರೊಟ್ಟಿ ಸೆರಗಿಗೆ ಕಟ್ಟಿಕೊಂಡು ಹೊರಟೆ. ಆಗ ನಾನು ದಾವಣಿ ಸುತ್ತಿಕೊಳ್ಳುವಷ್ಟು ದೊಡ್ಡವಳಾಗಿದ್ದೆ. ಶಾಲೆಯ ಕಡೆಯ ದಾರಿಯಲ್ಲ, ಅದರ ಎದುರು ದಿಕ್ಕು. ಆ ಕಡೆ ನಾನು ಎಂದೂ ಹೋಗಿರಲಿಲ್ಲ. ಹಳ್ಳ ಅಲ್ಲಿ ಅಗಲವಾಗಿ, ದಂಡೆ ದಟ್ಟವಾಗಿ, ಜಾಲಿಗಿಡಗಳು ದಾರಿಯ ಮೇಲೆ ಬಾಗಿಕೊಂಡಿದ್ದವು. ಮೊದಮೊದಲು ಎಲೆ ಅಲುಗಿದರೂ ನಿಂತು ನೋಡುತ್ತಿದ್ದೆ. ನಾಯಿ ಮುಂದೆ ಇದ್ದಾಗ ನಾನು ಯಾವ ಪೊದೆಯನ್ನೂ ಸರಿಯಾಗಿ ನೋಡಿರಲಿಲ್ಲ, ಅದು ನೋಡುತ್ತದೆ ಎಂದು ಬಿಟ್ಟಿದ್ದೆ. ಈಗ ಎಲ್ಲವನ್ನೂ ನಾನೇ ನೋಡಬೇಕಾಯಿತು. ನೋಡಿದರೆ ಅಲ್ಲಿ ಅಂಜುವಂಥದ್ದು ಏನಿತ್ತು? ನೀರಿನಲ್ಲಿ ಎಮ್ಮೆಗಳು ಮಲಗಿದ್ದವು. ಹುಣಸೆಯ ಮೇಲೆ ಗಿಳಿಗಳ ಗದ್ದಲ. ಒಂದು ನವಿಲು ದಾರಿಗೆ ಅಡ್ಡ ಬಂದು, ನನ್ನನ್ನು ನೋಡಿ, ತನಗೆ ಬೇರೆ ಕೆಲಸವಿದೆ ಎನ್ನುವಂತೆ ಹೋಯಿತು. ಈಚಲು ಗರಿ ಕೊಯ್ಯುತ್ತಿದ್ದ ಒಬ್ಬ ಮುದುಕ, "ಎಲ್ಲಿಗೆ ಯವ್ವಾ?" ಎಂದ. "ಕುರಿಹಿಂಡಿಗೆ," ಎಂದೆ. "ಹಿಂಗ ಹೋಗು, ಮುಂದ ಕಲ್ಲಿನ ಒಡ್ಡು ಬರ್ತೈತಿ, ಅಲ್ಲಿ ದಾಟು," ಎಂದು ದಾರಿ ಹೇಳಿ ತನ್ನ ಕೆಲಸಕ್ಕೆ ತಿರುಗಿದ. ಹಳ್ಳದ ದಾರಿ ಎಂದರೆ ಇಷ್ಟೇ. ಇದಕ್ಕಾಗಿಯೇ ಮೂರು ವರ್ಷ ನಾಯಿಯ ಕಾವಲು. ಕಲ್ಲಿನ ಒಡ್ಡು ದಾಟುವ ಹೊತ್ತಿಗೆ ನಾನು ಗಟ್ಟಿಯಾಗಿ ಇತಿಹಾಸದ ಪಾಠ ಹೇಳುತ್ತ ನಡೆದಿದ್ದೆ.

ಹಿಂಡು ಬೇವಿನ ತೋಪಿನ ನೆರಳಲ್ಲಿ ಕೂತಿತ್ತು. ನಾಯಿ ನನ್ನ ಧ್ವನಿ ಕೇಳಿಯೇ ಹಗ್ಗ ಜಗ್ಗಾಡಿ ಊಳಿಡತೊಡಗಿತು. ಅದನ್ನು ಗೂಟಕ್ಕೆ ಕಟ್ಟಿದ್ದರು. ಕುರುಬ ಎದ್ದು ಬಂದು ಗುರುತು ಹಿಡಿದ. ನಾನು ಬೈಯಲು ಬಾಯಿ ತೆಗೆಯುವ ಮೊದಲೇ ಅವನು ನಗುತ್ತ ಕೇಳಿದ.

"ಏನ ತಂಗೀ, ಲಗ್ನಕ್ಕ ಕರಿಯಾಕ ನೀನ ಬಂದಿ?"

"ಯಾರ ಲಗ್ನ ಕಾಕಾ?"

"ನಿಂದ. ನಿಮ್ಮ ದೊಡ್ಡಪ್ಪಾರು ಹೇಳಿದ್ರಲಾ. ಹುಡುಗಿ ಸಾಲಿ ಬಿಟ್ಲು, ಇಂಡಿ ಕಡೆ ಗೊತ್ತಾಗೇತಿ, ಇನ್ನ ನಾಯಿ ಯಾರಿಗೆ ಬೇಕು, ಹುಡುಗಿ ತಾನ ಕೊಟ್ಟು ಕಳಸಂದಾಳ, ಒಯ್ಯಿ ಅಂದ್ರು. ನಾನು ಕೇಳೇ ಇರಲಿಲ್ಲ. ಅವರಾಗೇ ಕರೆ ಕಳಿಸಿದ್ರು."

ನನ್ನ ಮದುವೆಯ ಸುದ್ದಿ ನಾನು ಕೇಳಿದ್ದು ಹೀಗೆ, ಕುರಿಗಳ ನಡುವೆ ನಿಂತು. ತೋಳವೂ ಸುಳ್ಳು, ಗೋಳೂ ಸುಳ್ಳು. ನಾನು ಅಲ್ಲೇ ನೆಲಕ್ಕೆ ಕೂತೆ. ಕುರುಬನ ಹೆಂಡತಿ ಓಡಿ ಬಂದಳು. ನಾನು ಸಾಲಿ ಬಿಟ್ಟಿಲ್ಲ, ಯಾರಿಗೂ ನಾಯಿ ಕೊಡು ಅಂದಿಲ್ಲ ಎಂದು ಅಳುತ್ತ ಹೇಳಿದೆ. ಅವಳು ಗಂಡನ ಕಡೆ ತಿರುಗಿ, "ನಾ ಉಡಿಯಾಗ ಹಾಕಿದ್ದನ್ನ ಹೊಳ್ಳಿ ತಂದು ಗೂಟಕ್ಕ ಕಟ್ಟಿ? ಆ ಹುಡುಗಿ ಬಾಯಿಲೆ ಒಂದ ಮಾತು ಕೇಳೂದು ಬ್ಯಾಡಾ? ನಮ್ಮ ಕುರಿ ಉದ್ಧಾರ ಆಗ್ತಾವೇನ?" ಎಂದು ಹಿಗ್ಗಾಮುಗ್ಗಾ ಬೈದಳು. ಅವನು ಪಾಪ ತಲೆ ಕೆರೆದುಕೊಳ್ಳುತ್ತ ಹಗ್ಗ ಬಿಚ್ಚಿದ. ನಾಯಿ ಈಗ ಉಡಿಗೆ ಹಿಡಿಸುವಂತಿರಲಿಲ್ಲ. ಅವಳು ಅದರ ಮುಂಗಾಲು ಎರಡನ್ನೂ ಎತ್ತಿ ನನ್ನ ಮಡಿಲಿಗೆ ಮುಟ್ಟಿಸಿ, ಅರಿಷಿಣದ ಡಬ್ಬಿ ತಂದು ನನ್ನ ಹಣೆಗೂ ಅದರ ಹಣೆಗೂ ಹಚ್ಚಿದಳು. ಮಜ್ಜಿಗೆ ಕುಡಿಸಿದಳು. "ಹೋಗು, ಸಾಲಿ ಕಲಿ. ಯಾರೇನಂತಾರ ನೋಡೂನು," ಎಂದಳು. ಆ ದಿನಗಳಲ್ಲಿ ನನಗೆ ಹಾಗೆ ಹೇಳಿದವಳು ಅವಳೊಬ್ಬಳೇ.

ತಿರುಗಿ ಬರುವ ದಾರಿಯಲ್ಲಿ ನಾನೂ ನಾಯಿಯೂ ಓಡಿದ್ದೇ ಹೆಚ್ಚು. ಅದು ನೀರಿಗೆ ಹಾರಿ, ಮೈ ಕೊಡವಿ ನನ್ನನ್ನು ತೋಯಿಸಿ, ಮತ್ತೆ ಹಾರಿತು. ನನ್ನ ಲೆಕ್ಕ ಸರಿಯಾಗಿತ್ತು. ದೊಡ್ಡಪ್ಪ ಸುಳ್ಳು ಹೇಳಿದ್ದಾನೆ. ಉಡಿಗೆ ಬಿದ್ದದ್ದನ್ನು ಕದ್ದು ಕೊಟ್ಟಿದ್ದಾನೆ. ಆಯಿ ನ್ಯಾಯ ಬಿಟ್ಟು ಆಚೆ ಹೋಗುವವಳಲ್ಲ. ನಾಯಿ ಬಂದಿದೆ, ನಾಳೆ ಶಾಲೆ, ನಾಳೆ ನಂಬರು. ಮುದುಕ ಇನ್ನೂ ಈಚಲು ಕೊಯ್ಯುತ್ತಿದ್ದ. "ಸಿಕ್ತೇನವಾ?" ಎಂದ. "ಸಿಕ್ತು," ಎಂದು ಕೂಗಿ ಹೇಳಿದೆ.

ದೀಪ ಹಚ್ಚುವ ಹೊತ್ತಿಗೆ ಅಂಗಳ ಸೇರಿದೆ. ಎಲ್ಲರೂ ಅಲ್ಲೇ ಇದ್ದರು. ನನ್ನನ್ನು ಹುಡುಕಲು ಆಳು ಕಳಿಸಿದ್ದರಂತೆ. ನಾನು ಯಾರಿಗೂ ಬಾಯಿ ತೆಗೆಯಲು ಬಿಡದೆ ಎಲ್ಲವನ್ನೂ ಆಯಿಯ ಮುಂದೆ ಸುರಿದೆ. ಕರೆ ಕಳಿಸಿದ್ದು, ಸುಳ್ಳು ಹೇಳಿದ್ದು, ಇಂಡಿಯ ಸಂಬಂಧ. ದೊಡ್ಡಪ್ಪ ಒಂದು ಮಾತನ್ನೂ ಅಲ್ಲಗಳೆಯಲಿಲ್ಲ. ಎಲೆ ಮಡಿಚಿ ಬಾಯಿಗೆ ಹಾಕಿಕೊಂಡು ಕೂತಿದ್ದ. ಆಯಿ ಮಗನಿಗೆ ಹೇಳಿದಳು.

"ಹೆಣ್ಣುಮಗಳ ಉಡೀಗೆ ಕೈ ಹಾಕಿದಿ. ತಪ್ಪಾತು. ನಾಳೆ ಹನುಮಪ್ಪಗ ಒಂದು ಟೆಂಗಿನಕಾಯಿ ಒಡಿಸಿ, ತಪ್ಪಾತಂತ ಅಡ್ಡ ಬೀಳು."

"ಆತು," ಎಂದ ದೊಡ್ಡಪ್ಪ. ನನಗೆ ಎದೆ ಉಬ್ಬಿತು. ಆಗ ಆಯಿ ನನ್ನ ಕಡೆ ತಿರುಗಿದಳು.

"ಹೋಗೂ ಮುಂದ ಜೊತಿಗೆ ಯಾರಿದ್ರು?"

"ಯಾರೂ ಇಲ್ಲ."

"ನಾಯಿ?"

"ನಾಯಿ ತರಾಕ ಹೋಗಿದ್ದೆಲಾ ಆಯಿ. ನಾಯಿ ಎಲ್ಲಿಂದ ಬರ್ಬೇಕು?"

"ನಾ ಕೇಳಿದ್ದು ಅದಲ್ಲ. ನಾಯಿ ಇಲ್ಲದ ಹಳ್ಳದ ಹಾದಿ ತುಳಿದಿಯೋ ಇಲ್ಲೋ?"

ನಾಯಿ ತರಲು ನಾಯಿಯನ್ನು ಕರೆದುಕೊಂಡು ಹೋಗಬೇಕಿತ್ತು ಅನ್ನುವವರಿಗೆ ಏನು ಹೇಳಬೇಕು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನ್ಯಾಯ. ಕೂಗಾಡಿದೆ, ಆಯಿಯ ಕಾಲು ಹಿಡಿದೆ, ಅತ್ತೆ. ಪರೀಕ್ಷೆ ಒಂದು ಮುಗಿಸುತ್ತೇನೆ, ಆಮೇಲೆ ಬಾವಿಗೆ ನೂಕು ಅಂದರೂ ಬೀಳುತ್ತೇನೆ ಎಂದೆ. ಆಯಿಗೂ ಕಣ್ಣಲ್ಲಿ ನೀರು ಬಂತು, ಅದನ್ನು ನಾನು ನೋಡಿದ್ದೇನೆ. ಆದರೂ ಅವಳು ಸೆರಗಿನಿಂದ ಒರೆಸಿಕೊಂಡು, "ನನ್ನ ಮಾತು ನಾನ ಮುರದ್ರ ನಾಳಿಗೆ ಈ ಮನ್ಯಾಗ ನನ್ನ ಮಾತು ಯಾರು ಕೇಳ್ತಾರ? ಅಂದಿದ್ದೆ, ಆತು," ಎಂದು ಒಳಗೆ ಹೋದಳು.

ದೊಡ್ಡಪ್ಪನಿಗೆ ಬಾಯಿ ತೆಗೆಯುವ ಅವಶ್ಯಕತೆಯೇ ಬೀಳಲಿಲ್ಲ. ಅವನಿಗೆ ಒಂದು ತೆಂಗಿನಕಾಯಿ ಖರ್ಚು. ಅದರ ಅರ್ಧ ಹೋಳು ಪ್ರಸಾದವೆಂದು ಮನೆಗೇ ಬಂತು. ಅವ್ವ ಅದನ್ನು ತುರಿದು ಚಟ್ನಿ ಮಾಡಿದಳು. ನಾನು ಅದನ್ನು ಮುಟ್ಟಲಿಲ್ಲ.

ನನ್ನ ನಂಬರು ಶಾಲೆಯಲ್ಲೇ ಉಳಿಯಿತು. ಗಣಿತದ ಮಾಸ್ತರರು ಒಂದು ದಿನ ಸೈಕಲ್ಲು ತುಳಿದು ಊರಿಗೆ ಬಂದಿದ್ದರು. ದೊಡ್ಡಪ್ಪ ಅವರಿಗೆ ಚಹಾ ಕುಡಿಸಿ, ಮರ್ಯಾದೆ ಮಾಡಿ, "ನಾವೇನು ಬ್ಯಾಡ ಅಂದಿಲ್ರಿ ಸರ. ಅವರ ಆಯಿ ಒಪ್ಪವಲ್ಲಳು," ಎಂದು ಕಳಿಸಿದ. ಪರೀಕ್ಷೆಯ ದಿನಗಳಲ್ಲಿ ನಾನು 'ಇಂದು ಕನ್ನಡ, ಇಂದು ಗಣಿತ' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಶಾವಿಗೆ ಹೊಸೆದೆ. ನನ್ನದೇ ಮದುವೆಯ ಶಾವಿಗೆ. ಅವೇ ದಿನಗಳಲ್ಲಿ ನಾಯಿ ಬೆಳಿಗ್ಗೆ ಎದ್ದು ಅಗಸಿಯವರೆಗೆ ಹೋಗಿ, ಕಾದು, ಮತ್ತೆ ಮನೆಗೆ ಬಂದು ನನ್ನ ಮುಖ ನೋಡುತ್ತಿತ್ತು. ಅದನ್ನು ಗದರಿ ಓಡಿಸುತ್ತಿದ್ದೆ.

ಬೇಸಿಗೆಯಲ್ಲಿ ಇಂಡಿ ತಾಲೂಕಿನ ಒಂದು ಊರಿಗೆ ನನ್ನನ್ನು ಕೊಟ್ಟರು. ಗಂಡ ಕೆಟ್ಟವನಲ್ಲ. ಆ ಮನೆಯ ಬಗ್ಗೆ ಇಲ್ಲಿ ಹೇಳುವಂಥದ್ದು ಏನೂ ಇಲ್ಲ. ನಾಯಿಯನ್ನು ಒಯ್ಯುತ್ತೇನೆ, ಅದು ನನ್ನ ಉಡಿಯದು ಎಂದೆ. ಬೀಗರ ಮುಂದೆ ನಗೆಪಾಟಲಾಗುತ್ತದೆ ಎಂದರು. ಅಷ್ಟಲ್ಲದೆ ದೊಡ್ಡಪ್ಪನ ಮಗ ಏಳನೆಯದು ಪಾಸಾಗಿದ್ದ, ಹೈಸ್ಕೂಲಿಗೆ ಹೋಗಬೇಕು, ಹುಡುಗ ಅಂಜುಬುರುಕ, ಹಳ್ಳದ ದಾರಿಗೆ ಜೊತೆ ಬೇಕು. ನಾಯಿ ಉಳಿಯಿತು.

ಪಂಚಮಿಗೆ ತವರಿಗೆ ಬಂದೆ. ನಾಯಿ ನನ್ನ ಮೇಲೆ ಹಾರಿ ಹೊಸ ಸೀರೆಯ ತುಂಬ ಮಣ್ಣು ಮಾಡಿತು. ಎರಡು ದಿನ ಬೆಳಿಗ್ಗೆ ಅದು ದೊಡ್ಡಪ್ಪನ ಮಗನ ಜೊತೆ ಹಳ್ಳಕ್ಕೆ ಇಳಿದು ಹೋಗುವುದನ್ನು ನಾನು ಅಗಸಿಯ ಹತ್ತಿರ ನಿಂತು ನೋಡಿದೆ. ಮೂರನೆಯ ದಿನ ಅದರ ಕಾಲಿಗೆ ಜಾಲಿಯ ಮುಳ್ಳು ನೆಟ್ಟು, ನೆಲಕ್ಕೆ ಊರಲಾಗದೆ ಅಂಗಳದಲ್ಲಿ ಮಲಗಿಬಿಟ್ಟಿತು. ಹುಡುಗ ಎರಡು ಸಲ ಕರೆದ, ಬಾರದಿದ್ದಾಗ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಆಯಿ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ನಾನು ಅವಳ ಬಾಯಿಯನ್ನೇ ನೋಡುತ್ತ ನಿಂತೆ.

"ಹುಷಾರಿಲೆ ಹೋಗಿ ಬಾರಪಾ," ಎಂದಳು ಆಯಿ.

ಅವನು ಅಗಸಿ ದಾಟಿದ. "ನಾಯಿ ಇಲ್ಲದ ಹೋದ ಆಯಿ," ಎಂದೆ.

"ಹೋಗ್ಲಿ ಬಿಡು, ಅವಂಗೇನ ಆಗ್ತೈತಿ?" ಎಂದಳು ಅವಳು ಸೂಜಿಗೆ ದಾರ ಪೋಣಿಸುತ್ತ.

"ನನಗೇನ ಆಗಿತ್ತು?"

ಆಯಿ ತಲೆ ಎತ್ತಿದಳು. ನನ್ನ ತಾಳಿ, ಕಾಲುಂಗುರ, ಹಸಿರು ಬಳೆ ನೋಡಿ ಅವಳ ಮುಖ ಅರಳಿತು. "ನಿನಗೂ ಏನೂ ಆಗಲಿಲ್ಲಲಾ ನನ್ನವ್ವಾ. ಛಲೋ ಮನಿ ಸಿಕ್ತು," ಎಂದಳು. ಕುಹಕವಲ್ಲ, ಪ್ರೀತಿಯಿಂದಲೇ ಹೇಳಿದಳು.

ನಾನು ನಾಯಿಯ ಹತ್ತಿರ ಕೂತು ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಹುಡುಕಿದೆ. ಆಳಕ್ಕೆ ಹೋಗಿತ್ತು. ಪಿನ್ನಿನಿಂದ ಕೆದಕಿದಾಗ ಅದು ಕುಂಯ್ ಎಂದಿತು, ಕೈ ಕಚ್ಚಲಿಲ್ಲ. ಅಷ್ಟರಲ್ಲಿ ನನ್ನ ಗಂಟಲಿನಿಂದ ನಾನು ತಡೆಯಲಾಗದ ಒಂದು ಸದ್ದು ಬಂತು, ಆಮೇಲೆ ಇನ್ನೊಂದು. ಒಲೆಯ ಮುಂದಿನಿಂದ ಅವ್ವ ಕೇಳಿದಳು.

"ನಾಯಿಗೆ ಭಾಳ ಬ್ಯಾನಿ ಆಗಾಕತ್ತೇತೇನ?"